ಅತ್ತೆ ಹತ್ತದ ಸೈಕಲ್ಲು

ನಮ್ಮ ಸೋದರತ್ತೆಯಷ್ಟು ಸೈಕಲ್ಲನ್ನು ಪ್ರೀತಿಸುವವರು ಡಚ್ಚರ ದೇಶದ ಇಡೀ ಯುಟ್ರೆಕ್ಟ್ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅದಕ್ಕೆ ಅವರು ಮಾಡದ ಉಪಚಾರವಿಲ್ಲ, ತೊಡಿಸದ ಒಡವೆಯಿಲ್ಲ. ಒಂದನ್ನು ಮಾತ್ರ ಅವರು ಮಾಡುತ್ತಿರಲಿಲ್ಲ. ಅದನ್ನು ಹತ್ತುತ್ತಿರಲಿಲ್ಲ!

ನಾನು ಕೆಲಸ ಹಿಡಿದು ಆ ಊರಿಗೆ ಹೋದಾಗ ಅತ್ತೆ, ಮಾವ ಅಲ್ಲಿ ನೆಲೆಸಿ ಆಗಲೇ ಬಹಳ ವರ್ಷಗಳಾಗಿದ್ದವು. ಮಾವ ನೀರಿನ ಬಗ್ಗೆ ಸಂಶೋಧನೆ ಮಾಡುವವರು. ಊರಲ್ಲಿದ್ದಷ್ಟು ದಿನ ಹುಬ್ಬಳ್ಳಿ-ಧಾರವಾಡದ ಬಸ್ಸಿನಲ್ಲಿ ಓಡಾಡಿದವರು, ಇಲ್ಲಿಯೂ ಬಸ್ಸಿನಲ್ಲೇ ಓಡಾಡುತ್ತಿದ್ದರು. ಮೊದಲ ಶನಿವಾರವೇ ಅವರಿಬ್ಬರೂ ಸಂತೆಯಿಂದ ಬರುವುದನ್ನು ಕಂಡೆ. ನಡುವೆ ಸೈಕಲ್ಲು. ಒಂದು ಪಕ್ಕದಲ್ಲಿ ಅದನ್ನು ತಳ್ಳುವ ಅತ್ತೆ, ಇನ್ನೊಂದು ಪಕ್ಕದಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡ ಮಾವ. ಬೆಳೆದ ಮಗಳನ್ನು ನಡುವೆ ಇಟ್ಟುಕೊಂಡು ಮದುವೆ ಮನೆಗೆ ಹೊರಟವರ ಹಾಗೆ ಬರುತ್ತಿದ್ದರು.

"ಅತ್ತಿ, ಯಾಕ ಹತ್ತಂಗಿಲ್ಲ ನೀವು?" ಎಂದು ಕೇಳಿದೆ.

"ಹತ್ತೂದೇನು, ಹತ್ತಬಹುದು. ಬೆಲ್ಲೇ ಸರಿ ಇಲ್ಲಲಾ," ಅಂದರು.

ಸರಿ, ಬೆಲ್ ಬಂತು. ಅಂಗೈಯಗಲದ ಕೆಂಪು ಬೆಲ್ಲು, ಅದರ ಮೇಲೆ ಕಪ್ಪು ಚುಕ್ಕೆ. ಒತ್ತಿದರೆ ಕಾಲುವೆಯ ಬಾತುಕೋಳಿಗಳೆಲ್ಲ ಆಚೆ ದಡಕ್ಕೆ ಈಜಬೇಕು, ಅಂಥ ಸದ್ದು! ಇನ್ನೇನು ಹತ್ತುತ್ತಾರೆ ಎಂದುಕೊಂಡೆ. ಎಲ್ಲಿಯ ಮಾತು? ಚೂಡಿದಾರದ ವೇಲು ಹಿಂದಿನ ಗಾಲಿಗೆ ಸಿಕ್ಕಿಕೊಂಡರೆ ಏನು ಗತಿ? ಗಾಲಿಯ ಎರಡೂ ಬದಿಗೆ ಹೂವಿನ ಚಿತ್ತಾರದ ಮರೆ ಬಂತು. ಆಮೇಲೆ ಬುಟ್ಟಿ ಬಂತು, ಬುಟ್ಟಿಯ ಸುತ್ತ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ ಬಂತು. ಹಿಂದೆ ಜೋತುಬೀಳುವ ಜೋಡಿ ಚೀಲಗಳು ಬಂದವು, ಬಿಳಿ ಬೊಟ್ಟಿನ ನೀಲಿ ಚೀಲಗಳು. ಒಂದರಲ್ಲಿ ಐದು ಕಿಲೋ ಆಲೂಗಡ್ಡೆ, ಇನ್ನೊಂದರಲ್ಲಿ ತುರ್ಕಿ ಅಂಗಡಿಯ ಕೊತ್ತಂಬರಿ, ಮೆಂತ್ಯ. ಡಚ್ಚರು ಮಕ್ಕಳನ್ನೂ ನಾಯಿಯನ್ನೂ ಹೇರಿಕೊಂಡು ಬರ್ರೆಂದು ಸೈಕಲ್ಲಿನಲ್ಲಿ ಹೋಗುತ್ತಿದ್ದರೆ ನಮ್ಮ ಅತ್ತೆ ಅದನ್ನು ತಳ್ಳುಗಾಡಿ ಮಾಡಿಕೊಂಡಿದ್ದರು.

ಇನ್ನು ಸೀಟಿನ ವಿಷಯ. ಗುಳೇದಗುಡ್ಡದ ಖಣದಲ್ಲಿ ಅದಕ್ಕೊಂದು ಕವರ್ ಹೊಲಿದರು. ಆ ದೇಶದ ಮಳೆಗೆ ಖಣ ಉಳಿಯುತ್ತದೆಯೇ? ಮಾವ ಯಾವ ಸಮ್ಮೇಳನಕ್ಕೆ ಹೋದರೂ ಹೋಟೆಲಿನ ಬಚ್ಚಲಿನಿಂದ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ತಪ್ಪದೇ ತರುತ್ತಿದ್ದರು. ಮಿಕ್ಕ ವಿದ್ವಾಂಸರು ಪುಸ್ತಕ ತರುತ್ತಾರೆ, ನಮ್ಮವರು ಸೀಟಿಗೆ ಟೋಪಿ ತರುತ್ತಾರೆ! ಕೆಳಗಿನ ಮನೆಯ ಡಚ್ ಅಜ್ಜಿ ಖಣವನ್ನು ಸವರಿ ಸವರಿ ನೋಡಿ ಮೆಚ್ಚಿದ್ದೇ ತಡ, ಅತ್ತೆ ಅವರಿಗೂ ಒಂದು ಕವರ್ ಹೊಲಿದು ಕೊಟ್ಟರು. ಬೇಸಿಗೆ ಮುಗಿಯುವುದರೊಳಗೆ ಆ ಕಟ್ಟಡದ ಮುಂದಿನ ಅರ್ಧ ಸೈಕಲ್ಲುಗಳು ಸೀಮಂತಕ್ಕೆ ಸಿದ್ಧವಾದಂತೆ ನಿಂತಿದ್ದವು. ರೈಲು ನಿಲ್ದಾಣದ ಹತ್ತಿರ ಸಾವಿರಾರು ಕಪ್ಪು ಸೈಕಲ್ಲುಗಳ ನಡುವೆ ಅತ್ತೆಯದು ನಿಂತರೆ ಜನ ಅದನ್ನೇ ಗುರುತಿಟ್ಟುಕೊಳ್ಳುತ್ತಿದ್ದರು. "ಹೂವಿನ ಸೈಕಲ್ ಪಕ್ಕದಲ್ಲಿದೀನಿ, ಬಾ," ಎಂದು ಯಾರೋ ಫೋನಿನಲ್ಲಿ ಡಚ್ಚಿನಲ್ಲಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ನಮ್ಮ ಕನ್ನಡದವರೆಲ್ಲ ಸೈಕಲ್ಲಿನಲ್ಲಿ ಊರಾಚೆ ಹೋಗುವುದು ರೂಢಿ. ಹೊಲಗಳ ನಡುವೆ, ಹೊಳೆಯ ದಂಡೆಯಲ್ಲಿ ದೋಸೆಯಂಥ ತಿಂಡಿ ಮಾಡುವ ಹೋಟೆಲೊಂದಿದೆ, ಅಲ್ಲಿಯವರೆಗೆ. ಅಲ್ಲಿಗೆ ಬಸ್ಸಿಲ್ಲ. ಹಾಗಾಗಿ ಅತ್ತೆ, ಮಾವ ಪ್ರತಿ ವರ್ಷವೂ ಹೋಳಿಗೆ ಕಟ್ಟಿಕೊಟ್ಟು ನಮ್ಮನ್ನು ಕಳಿಸಿ ಮನೆಯಲ್ಲೇ ಉಳಿಯುತ್ತಿದ್ದರು. "ಆಕಿಗೆ ಬರಂಗಿಲ್ಲ, ಬಿಟ್ಟು ಹೆಂಗ ಬರಲಿ?" ಎನ್ನುತ್ತಿದ್ದರು ಮಾವ. ಗಂಡ ಅಂದರೆ ಹೀಗಿರಬೇಕು ಎಂದು ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ನೋಡುತ್ತಿದ್ದರು. ಅತ್ತೆಯನ್ನು ನೋಡಿ ಎಲ್ಲರೂ ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು.

ನನಗೆ ಹಟ ಬಂತು. ಈ ಸಲ ಅತ್ತೆಗೆ ಸೈಕಲ್ ಕಲಿಸಿ ಕರೆದುಕೊಂಡೇ ಹೋಗುವುದು! ಮೊಣಕಾಲಿಗೆ ಕಟ್ಟುವ ಪಟ್ಟಿ ಕೊಂಡೆ. ಹೇಳದೇ ಕೇಳದೇ ಒಂದು ದಿನ ಬೆಳಿಗ್ಗೆ ಆರಕ್ಕೆಲ್ಲ ಅವರ ಮನೆಯ ದಾರಿ ಹಿಡಿದೆ. ಕಾಲುವೆಯ ಪಕ್ಕದಲ್ಲಿ ಎದುರಿನಿಂದ ಒಂದು ಸೈಕಲ್ಲು ಗಾಳಿಯಂತೆ ಬರುತ್ತಿತ್ತು. ಚೆಂಡುಹೂ, ಚುಕ್ಕೆ ಬೆಲ್ಲು, ಖಣ. ಮೇಲೆ ನಮ್ಮ ಅತ್ತೆ! ಒಂದು ಕೈ ಕೋಟಿನ ಜೇಬಿನಲ್ಲಿ. ನನ್ನ ಕಣ್ಣೆದುರಿಗೇ ಆರಡಿಯ ಡಚ್ಚನೊಬ್ಬನನ್ನು ಹಿಂದೆ ಹಾಕಿ ಬಂದರು.

ನನ್ನನ್ನು ಕಂಡು ಇಳಿದರು. ನನ್ನ ಕೈಯಲ್ಲಿದ್ದ ಪಟ್ಟಿಯನ್ನೂ ಕಂಡರು.

"ಯಾವಾಗ ಕಲತ್ರಿ, ಅತ್ತಿ?"

"ಸಾಲಿಗೆ ಹೋಗೂವಾಗ. ನಿಮ್ಮಪ್ಪನ್ನ ಹಿಂದ ಕೂಡಿಸ್ಕೊಂಡು ಹೋಗ್ತಿದ್ದೆ."

"ಮತ್ತ ಈ ನಾಟಕ ಯಾಕ?"

ಅತ್ತೆ ಸೈಕಲ್ಲಿನ ಸ್ಟ್ಯಾಂಡ್ ಹಾಕಿದರು. "ನಿಮ್ಮ ಮಾಮಾಗ ಬರಂಗಿಲ್ಲವ್ವಾ. ಈ ದೇಶದಾಗ ನಡಿಯಾಕ ಕಲತ ಕೂಸು ಸೈಕಲ್ ಹೊಡೀತದ. ಇಷ್ಟು ಓದಿದವರು, ಹೆಂಗ ಹೇಳಬೇಕು ಬರಂಗಿಲ್ಲ ಅಂತ? ನಾ ಹತ್ತಿ ಹೋದ್ರ ಅವರು ಒಬ್ಬರೇ ಹಿಂದ ನಡೀಬೇಕು. ನಗೂದಿದ್ರ ಜನ ನನ್ನ ನೋಡಿ ನಗಲಿ ಬಿಡು."

"ಮಾಮಾಗ ಗೊತ್ತದ ಏನು, ನಿಮಗ ಬರ್ತದ ಅಂತ?"

"ಹೆಂಗ ಗೊತ್ತಾಗ್ತದ? ಎಂಟರ ತನಕ ಮಲಗಿರ್ತಾರ. ನೀ ಯಾರ ಮುಂದನೂ ಹೇಳಬ್ಯಾಡ."

ಮೊಣಕಾಲ ಪಟ್ಟಿಯನ್ನು ಚೀಲದೊಳಗೆ ತುರುಕಿಕೊಂಡು ಮನೆಗೆ ಬಂದೆ. ನಾನೂ ಇಷ್ಟು ದಿನ ನಕ್ಕವರಲ್ಲಿ ಒಬ್ಬಳೇ ಅಲ್ಲವೇ!

ಆ ಭಾನುವಾರ ಹೋಳಿಗೆ ಡಬ್ಬಿ ಪಡೆಯಲು ಎಲ್ಲರೂ ಅವರ ಮನೆಯ ಮುಂದೆ ಸೇರಿದೆವು. ನಮ್ಮ ಗುಂಪಿನಲ್ಲಿ ಬೆಂಗಳೂರಿನ ಹುಡುಗನೊಬ್ಬನಿದ್ದ. ಒಳ್ಳೆಯವನೇ, ಬಾಯಿ ಸ್ವಲ್ಪ ಜಾಸ್ತಿ.

"ಆಂಟಿ, ಇನ್ನೇನು ಬಾಕಿ ಇದೆ ಸೈಕಲ್ಲಿಗೆ? ಏಸಿ ಹಾಕಿಸ್ಬಿಡಿ," ಅಂದ. ಎಲ್ಲರೂ ನಕ್ಕರು.

"ಹಾಕಸೂಣಪಾ, ಬ್ಯಾಸಗಿ ಬರಲಿ," ಅಂದರು ಅತ್ತೆ.

"ಅಂಕಲ್, ನೀವಾದ್ರೂ ಬನ್ನಿ. ಆಂಟಿಗೆ ಬರಲ್ಲ ಅಂತ ನೀವ್ಯಾಕೆ ಮನೇಲಿ ಕೂರ್ಬೇಕು? ಸೈಕಲ್ ನಾನು ಕೊಡ್ತೀನಿ." ಅಂದವನೇ ತನ್ನ ಸೈಕಲ್ಲನ್ನು ಮಾವನ ಮುಂದೆ ತಂದು ನಿಲ್ಲಿಸಿದ.

ಅತ್ತೆ ನಡುವೆ ಬಂದರು. "ಅವರಿಗೆ ಸೊಂಟ ಹಿಡದದ..." ಎಂದು ಏನೋ ಹೇಳಲು ಹೋದರು.

ಮಾವ ಕೈ ಎತ್ತಿ ಅವರನ್ನು ತಡೆದರು.

"ಆಕಿಗೆ ಬರ್ತದಪಾ," ಅಂದರು. "ದಿನಾ ಮುಂಜಾನೆ ಕಿಡಕ್ಯಾಗ ನಿಂತು ನೋಡ್ತೀನಿ. ಭಾಳ ಚಂದ ಹೊಡೀತಾಳ. ಬರಲಾರದವ ನಾನು."

ಯಾರೂ ನಗಲಿಲ್ಲ. ಆ ಹುಡುಗ ತನ್ನ ಸೈಕಲ್ಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಅತ್ತೆ ಕಣ್ಣೊರೆಸಿಕೊಂಡು ಸೈಕಲ್ ಹತ್ತಿ ಒಂದು ಕಾಲು ನೆಲಕ್ಕೆ ಊರಿದರು.

"ಹಿಂದ ಕೂಡ್ರಿ," ಅಂದರು. "ಗಟ್ಟಿಯಾಗಿ ಹಿಡ್ಕೋರಿ."

ನಾಲ್ಕು ಜನರೆದುರು ಹೆಂಡತಿಯ ಭುಜವನ್ನೂ ಮುಟ್ಟದ ನಮ್ಮ ಮಾವ, ಅಷ್ಟೂ ಜನರೆದುರು ಎರಡೂ ಕೈಯಿಂದ ಆಕೆಯ ಸೊಂಟ ಹಿಡಿದು ಕೂತರು.