ಫೆನ್ನಾಳ ಕಿಟಕಿಗೆ ಕಾಣುವ ತೋಟ

ನೋಡುವವರ ಕಣ್ಣು ಎಲ್ಲಿ ಕೂತಿರುತ್ತದೋ ಅಲ್ಲಿಂದಲೇ ತೋಟ ಶುರುವಾಗಬೇಕು ಎಂದು ಓಸಿಂಗ ಮೇಡಂ ಮೊದಲನೆಯ ಪಾಠದಲ್ಲೇ ಹೇಳಿಬಿಟ್ಟಿದ್ದರು. ಸೀಬ್ರೆನ್‌ನ ಫಜೀತಿಗೆಲ್ಲ ಮೂಲ ಆ ಒಂದು ಮಾತು. ತೋಟವಿನ್ಯಾಸ ಕಲಿಯಲು ಬರುತ್ತಿದ್ದ ಉಳಿದವರೆಲ್ಲ ತಮ್ಮ ತಮ್ಮ ಹಿಂಬಾಗಿಲಲ್ಲೋ ಊಟದ ಮೇಜಿನ ಹತ್ತಿರವೋ ಕಣ್ಣನ್ನು ಕೂರಿಸಿ ನಕ್ಷೆ ಬರೆದರು. ಗ್ರೋನಿಂಗನ್ ನಗರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ, ಐವತ್ತು ದಾಟಿದ ಬ್ರಹ್ಮಚಾರಿ ಸೀಬ್ರೆನ್ ಮಾತ್ರ ತನ್ನ ಹಿತ್ತಿಲಿನ ಕಣ್ಣನ್ನು ಹಿತ್ತಿಲಿನ ಕೊನೆಗೆ ಗೋಡೆಯಾಗಿ ನಿಂತಿದ್ದ ಹಿಂಬದಿ ಮನೆಯ ಮಹಡಿ ಕಿಟಕಿಯಲ್ಲಿ ಕೂರಿಸಿದ.

ಅದು ಫೆನ್ನಾಳ ಅಡುಗೆಮನೆಯ ಕಿಟಕಿ. ಗಂಡ ಹೋದ ಮೇಲೆ ಒಬ್ಬಳೇ ಇದ್ದ ಫೆನ್ನಾ ಸಂಜೆ ಕಾಫಿ ಹಿಡಿದು ಅಲ್ಲಿ ನಿಲ್ಲುತ್ತಿದ್ದಳು. ಸೀಬ್ರೆನ್ ತಲೆಯೆತ್ತಿ, "ಇವತ್ತು ಮಳೆ ಬರ್ಲಿಲ್ಲ" ಎನ್ನುವನು. "ಹೌದು, ಬರ್ಲಿಲ್ಲ" ಎನ್ನುವಳು ಅವಳು. ಆ ಎರಡು ಮಾತನ್ನು ಮೆಲುಕು ಹಾಕುತ್ತ ಅವನು ಮರುದಿನವೆಲ್ಲ ಪಂಕ್ಚರ್ ಹಾಕುತ್ತಿದ್ದ.

ಅವಳಿಗಾಗಿ ಅವನು ಹಿತ್ತಿಲಿನ ಸಿಮೆಂಟು ಹಾಸನ್ನೆಲ್ಲ ಕಿತ್ತ. ಇಟ್ಟಿಗೆಯ ಬಳುಕುದಾರಿ ಹಾಕಿದ, ಬಿಳಿ ಟ್ಯೂಲಿಪ್ ನೆಟ್ಟ, ಅವುಗಳ ಬುಡದಲ್ಲಿ ನೀಲಿ ಪುಟ್ಟ ಹೂಗಳನ್ನು ಹರಡಿದ, ಆಕಾಶ ಬಂದು ಬೀಳಲೆಂದು ತಾಮ್ರದ ಅಗಲ ಬೋಗುಣಿಯಲ್ಲಿ ನೀರಿಟ್ಟ. ಎಲ್ಲ ಮೇಲಿನಿಂದ ನೋಡುವವರ ಲೆಕ್ಕಕ್ಕೆ. ನೆಲದ ಮೇಲೆ ನಿಂತವರಿಗೆ ಅದು ತಲೆಬುಡ ತಿಳಿಯದ ಹಿತ್ತಿಲು.

"ಅಲ್ಲ ಮಾರಾಯ, ಈ ದಾರಿ ಎಲ್ಲಿಗೆ ಹೋಗುತ್ತೆ? ಗೋಡೆಗೆ ಹೋಗಿ ಹಣೆ ಚಚ್ಕೊಳ್ಳುತ್ತೆ ಅಷ್ಟೇ!" ಎಂದ ಪಕ್ಕದ ಮನೆಯ ಬೌಕೆ, ಬೇಲಿಯ ಮೇಲೆ ಗಡ್ಡ ಊರಿ. ನಿವೃತ್ತನಾದ ಮೇಲೆ ಬೇರೆಯವರ ಕೆಲಸ ನೋಡುವುದೇ ಅವನ ಕೆಲಸ.

"ಬೆಂಚನ್ನಾದ್ರೂ ಈ ಕಡೆ ತಿರುಗ್ಸಪ್ಪಾ," ಎಂದಳು ಅವನ ಹೆಂಡತಿ ತ್ರೈನ್. "ಲೆಕ್ಕ ತಪ್ಪಿದ ಹುಡುಗನ್ನ ಮೇಷ್ಟ್ರು ಗೋಡೆಗೆ ಮುಖ ಮಾಡಿ ನಿಲ್ಸಿದ ಹಾಗಿದೆ."

ಬೆಂಚಿನ ಮುಖ ಗೋಡೆಗಲ್ಲ, ಗೋಡೆಯ ಮೇಲಿನ ಕಿಟಕಿಗೆ ಎಂದು ಸೀಬ್ರೆನ್ ಹೇಗೆ ಹೇಳಿಯಾನು? ಕಳೆ ಕೀಳುತ್ತ ಕೂತ.

ಓಸಿಂಗ ಮೇಡಂ ತೋಟ ನೋಡಿ ಅಂಕ ಕೊಡಲು ಬರುವ ಶನಿವಾರ ಬಂತು. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಸೀಬ್ರೆನ್ ತಟ್ಟನೆ ಲೋಟ ಕೆಳಗಿಟ್ಟ. ಆ ಕಿಟಕಿಯಿಂದ ತೋಟ ಹೇಗೆ ಕಾಣುತ್ತದೆಂದು ತಾನೇ ಒಮ್ಮೆಯೂ ನೋಡಿಲ್ಲವಲ್ಲ! ಹಿತ್ತಿಲ ಮೂಲೆಯ ಪೇರ್ ಮರದ ಕೊಂಬೆ ಬೋಗುಣಿಗೆ ಅಡ್ಡ ಬಂದಿದ್ದರೆ? ಶನಿವಾರ ಫೆನ್ನಾ ಸಂತೆಗೆ ಹೋಗುವವಳು. ಕಿಟಕಿಯ ಪರದೆ ಮುಚ್ಚಿತ್ತು. ಅಂಗಡಿಯ ಏಣಿ ತಂದು ಗೋಡೆಗೆ ಒರಗಿಸಿ ಹತ್ತಿಯೇಬಿಟ್ಟ.

ಇನ್ನೇನು ತಿರುಗಿ ನೋಡಬೇಕು, ಕೆಳಗಿನಿಂದ ತ್ರೈನಳ ಗಂಟಲು ಕಹಳೆಯ ಹಾಗೆ ಮೊಳಗಿತು.

"ಬೌಕೆ! ಬನ್ನಿ ಬೇಗ! ಸೀಬ್ರೆನ್ ಫೆನ್ನಾ ಮನೆ ಕಿಟಕಿ ಹತ್ತಿದಾನೆ! ಅದೂ ಹಾಡುಹಗಲಲ್ಲಿ!"

ಬೌಕೆ ಬೇಲಿ ದಾಟಿ ಬಂದ. ಏಕೆ ಹತ್ತಿದೆ ಎಂದು ಕೇಳಲಿಲ್ಲ. "ಅಯ್ಯೋ ಪೆದ್ದೇ, ಏಣಿ ಒರಗಿಸೋದು ಹೀಗಲ್ಲ ಕಣೋ! ಬುಡ ಇನ್ನೂ ಈಚೆಗಿರ್ಬೇಕು," ಎಂದು ಬುಡವನ್ನು ಎಳೆದೇ ಎಳೆದ. ಏಣಿ ಬೌಕೆಯ ಕೈಗೆ ಬಂತು, ಸೀಬ್ರೆನ್ ಕಿಟಕಿಯ ಅಂಚಿಗೆ ಬಾವಲಿಯ ಹಾಗೆ ಜೋತುಬಿದ್ದ. ಒಂದು ಬೂಟು ಕಳಚಿ ಆಕಾಶಕ್ಕೆಂದು ಇಟ್ಟ ಬೋಗುಣಿಯೊಳಗೆ ದುಡುಮ್ಮೆಂದಿತು.

ಪರದೆ ಸರಿಯಿತು. ಕಿಟಕಿಯ ಗಾಜು ಮೇಲಕ್ಕೆ ಹೋಯಿತು. ಫೆನ್ನಾ!

"ಸೀಬ್ರೆನ್ ಅವ್ರೇ? ನೀವಾ?"

ಸೀಬ್ರೆನ್ ಜೋತುಬಿದ್ದಲ್ಲಿಂದಲೇ ತಲೆಯೆತ್ತಿದ. "ಇವತ್ತು ಮಳೆ ಬರ್ಲಿಲ್ಲ," ಎಂದ.

ಅವಳು ನಗುತ್ತಲೇ ಅವನ ಕಾಲರು ಹಿಡಿದು ಒಳಗೆಳೆದುಕೊಂಡಳು. ಅವನು ರಟ್ಟಿನ ಪೆಟ್ಟಿಗೆಗಳ ನಡುವೆ ತಲೆಕೆಳಗಾಗಿ ಬಿದ್ದ. ಎದ್ದು, ಬೆವರುತ್ತ, ಕಣ್ಣು ಎಲ್ಲಿ ಕೂತಿರುತ್ತದೆಂಬ ಪಾಠವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ.

"ಇದಕ್ಕೆ ಏಣಿ ಯಾಕೆ ಬೇಕಿತ್ತು? ಬೆಲ್ ಒತ್ತಿದ್ರೆ ಬಾಗಿಲು ತೆಗೀತಿರ್ಲಿಲ್ವಾ ನಾನು?" ಎಂದಳು ಫೆನ್ನಾ.

ಬೆಲ್! ಇಷ್ಟು ವರ್ಷಗಳಲ್ಲಿ ಅದೊಂದು ಅವನಿಗೆ ಹೊಳೆದೇ ಇರಲಿಲ್ಲ.

ಇಬ್ಬರೂ ಕಿಟಕಿಯಲ್ಲಿ ನಿಂತರು. ಬೂಟೊಂದನ್ನು ಬಿಟ್ಟರೆ ತೋಟ ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಬಿಳಿಯ ನಡುವೆ ನೀಲಿ ಹರಿದಿತ್ತು. ದಾರಿ ಗೋಡೆಯ ಬುಡಕ್ಕೆ ಬಂದು, ಮೇಲೆ ಕೂತವರನ್ನು ಇಳಿದು ಬಾ ಎಂದು ಕರೆಯುವಂತಿತ್ತು.

"ದಿನಾ ನೋಡ್ತಿದ್ದೆ," ಎಂದಳು ಫೆನ್ನಾ ಮೆಲ್ಲಗೆ. "ಕೆಳಗೆ ಬಂದು ಆ ಬೆಂಚಿನ ಮೇಲೆ ಒಂದು ಗಳಿಗೆ ಕೂರೋಣ ಅನ್ಸೋದು."

"ಬರಬಹುದಿತ್ತು..." ಎಂದ ಅವನು.

"ನೀವು ಕರೀಲಿಲ್ಲವಲ್ಲ."

ಈಗ ಕರೆಯಬೇಕು ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಬೌಕೆ ಮುಂದೆ, ತ್ರೈನ್ ಹಿಂದೆ, ನಡುವೆ ಏದುಸಿರು ಬಿಡುತ್ತ ಓಸಿಂಗ ಮೇಡಂ. ಮೇಡಂ ನಕ್ಷೆಯಲ್ಲಿ ಕಣ್ಣಿನ ಗುರುತಿದ್ದ ಆ ಕಿಟಕಿಗೇ ನೇರ ಹೋಗಿ ತೋಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೆನ್ನಾಳತ್ತ ತಿರುಗಿದರು.

"ಇದನ್ನ ದಿನಾ ನೋಡೋರು ನೀವು. ನೋಡಿ ನೋಡಿ ಏನನ್ನಿಸ್ತಮ್ಮಾ?"

"ಮಣ್ಣು ಮುಟ್ಬೇಕು ಅನ್ನಿಸ್ತು ಮೇಡಂ. ಇವ್ರು ಅಗೆಯೋದು, ನೆಡೋದು ನೋಡ್ತಾ ನೋಡ್ತಾ ಈ ಮಹಡಿ ಮೇಲೆ ಇರೋಕೇ ಆಗ್ಲಿಲ್ಲ. ನಮ್ಮಕ್ಕನ ಊರಲ್ಲಿ ಹಿತ್ತಿಲಿರೋ ಮನೆ ಸಿಕ್ತು. ಸೋಮವಾರ ಹೋಗ್ತಿದೀನಿ."

ತಾನು ಬಿದ್ದದ್ದು ಎಂಥ ಪೆಟ್ಟಿಗೆಗಳ ನಡುವೆ ಎಂದು ಸೀಬ್ರೆನ್‌ಗೆ ಆಗ ತಿಳಿಯಿತು.

ಓಸಿಂಗ ಮೇಡಂ ಚಪ್ಪಾಳೆ ತಟ್ಟಿದರು. "ಕೇಳಿದಿರಾ ಸೀಬ್ರೆನ್! ನೋಡಿದವರನ್ನ ಮನೆಯಿಂದ ಹೊರಗೆ ತರೋದೇ ತೋಟದ ಕೆಲಸ. ನಿಮ್ಮದು ಊರಿಂದಲೇ ಹೊರಗೆ ಕಳಿಸ್ತಿದೆ! ತರಗತಿಗೇ ನೀವು ಮೊದಲು!"

ಎಲ್ಲರೂ ಅವನ ಕೈ ಕುಲುಕಿದರು. ಫೆನ್ನಾಳೂ ಕುಲುಕಿದಳು. ಅವಳ ಕೈ ಬೆಚ್ಚಗಿತ್ತು. ಅವನು ಬಿಡುವುದನ್ನು ಒಂದು ಕ್ಷಣ ಮರೆತ.

"ಹೊಸ ಮನೇಲಿ ಕಣ್ಣು ಎಲ್ಲಿ ಕೂರಿಸ್ತೀರಿ? ಯಾವ ಕಿಟಕೀಲಿ?" ಎಂದು ಕೇಳಿದ.

"ಇನ್ನು ಕಿಟಕಿ ಸಾಕು ಸೀಬ್ರೆನ್ ಅವ್ರೇ," ಎಂದಳು ಅವಳು. "ಹೊರಗೇ ಇರ್ತೀನಿ. ಅಲ್ಲಿ ನೆಡೋಕೆ ಆ ನೀಲಿ ಹೂವು ಒಂದು ಹಿಡಿ ಕೊಡ್ತೀರಾ?"

ಅವನು ಒಂಟಿ ಬೂಟಿನಲ್ಲಿ ಮೆಟ್ಟಿಲಿಳಿದ. ಹಿತ್ತಿಲಿಗೆ ಬಂದು, ನೀಲಿ ಹೂವಿನ ನಡುವೆ ಮಂಡಿಯೂರಿ, ಬೇರಿಗೆ ನೋವಾಗದ ಹಾಗೆ ಅಂಗೈಯಿಂದಲೇ ಮಣ್ಣು ಬಿಡಿಸತೊಡಗಿದ. ತಲೆಯೆತ್ತಿದರೆ ಕಿಟಕಿಯಲ್ಲಿ ಅವಳಿದ್ದಾಳು, ಒಮ್ಮೆ ನೋಡೋಣ ಎಂದು ಕತ್ತೆತ್ತಿದ.

ಕಿಟಕಿಯ ತುಂಬ ಬೌಕೆಯ ಗಡ್ಡವಿತ್ತು.

"ಲೋ ಸೀಬ್ರೆನ್, ಕೀಳ್ಬೇಡ್ವೋ! ಸೋಮವಾರದಿಂದ ಈ ಮನೆ ನಮ್ದು. ಕೆಳಗೆ ಬಿಸಿಲೇ ಬೀಳಲ್ಲ ಅಂತ ತ್ರೈನ್ ಹಟ ಹಿಡಿದಿದ್ಲು, ಮೊನ್ನೆಯೇ ಮಾತಾಡಿಟ್ಟಿದೀವಿ. ಅಲ್ಲಿ ಹೂವು ಕಿತ್ರೆ ನಮಗೆ ಇಲ್ಲಿಂದ ಬೋಳು ಕಾಣುತ್ತೆ!"