ಹೆಸರು ಹೇಳಿದರಷ್ಟೇ ಮಾತ್ರೆ

ನನ್ನ ಸೋದರತ್ತೆಯ ಕೈಯಿಂದ ಒಂದು ಲೋಟ ಕಾಫಿ ಕುಡಿಯಬೇಕಾದರೆ ನಿಮ್ಮ ಜೇಬಿನಲ್ಲಿ ಆಧಾರ್ ಕಾರ್ಡ್ ಇರುವುದು ಒಳ್ಳೆಯದು! ಉತ್ಪ್ರೇಕ್ಷೆ ಎನ್ನುತ್ತೀರಾ? ಮೊನ್ನೆ ಅವಳ ಬೀಗರು ಮನೆಗೆ ಬಂದಿದ್ದರು. ಟ್ರೇ ಹಿಡಿದು ಬಂದ ಅತ್ತೆ, "ಸಕ್ಕರೆ ಹಾಕದ್ದು ಯಾರಿಗೆ? ಹೆಸರು ಹೇಳ್ರಿ" ಎಂದಳು.

"ನಂಗೇ ರೀ" ಎಂದರು ಬೀಗರು.

"ನಂಗೆ ಅನ್ನೋದು ಹೆಸರಲ್ಲ."

ಪಾಪ, ಆ ಹಿರಿಯರು ಎದ್ದು ನಿಂತು ತಮ್ಮ ಹೆಸರು, ತಂದೆಯ ಹೆಸರು, ಊರು ಎಲ್ಲ ಒಪ್ಪಿಸಿ ಕಾಫಿ ಪಡೆದರು.

ಅತ್ತೆ ಶಿಕಾರಿಪುರದ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿ ಗಂಡನ ಊರಾದ ಸೊರಬದಲ್ಲಿದ್ದಾಳೆ. ಅವಳ ಕಾನೂನು ಮಾತ್ರ ನಿವೃತ್ತಿಯಾಗಿಲ್ಲ! ಔಷಧಿಯ ಚೀಟಿಯನ್ನು ಮೂರು ಸಲ ಓದಬೇಕು: ಕಪಾಟಿನಿಂದ ತೆಗೆಯುವಾಗ, ಅಳೆಯುವಾಗ, ವಾಪಸ್ ಇಡುವಾಗ. ಆಮೇಲೆ ರೋಗಿಯ ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕು. ಅಡುಗೆಮನೆಯಲ್ಲೂ ಇದೇ ಕಟ್ಟಳೆ. ಉಪ್ಪಿನ ಡಬ್ಬಿಯ ಚೀಟಿಯನ್ನು ಮೂರು ಸಲ ಓದುವಷ್ಟರಲ್ಲಿ ಸಾರು ಉಕ್ಕಿ ಒಲೆ ಆರಿರುತ್ತದೆ. ಕೇಳಿದರೆ, "ಉಕ್ಕಿದ ಸಾರು ಇಲ್ಲೀತನಕ ಯಾರ್ನೂ ಕೊಂದಿಲ್ಲ" ಎನ್ನುತ್ತಾಳೆ.

"ಹಾಸಿಗೆ ನಂಬರ್ ನೋಡಿ ಕೊಟ್ಟರೆ ಆಗದೇ ಅತ್ತೆ?" ಎಂದು ಒಮ್ಮೆ ಕೇಳಿ ಕೆಟ್ಟೆ. ನಮ್ಮ ಕಡೆಯವರು ಇಟ್ಟಲ್ಲಿ ಇರುವ ಜನವೇ? ನಾಲ್ಕನೇ ಹಾಸಿಗೆಯಲ್ಲಿದ್ದ ಸಕ್ಕರೆ ಕಾಯಿಲೆಯ ಗೌಡರೊಬ್ಬರು, ಹತ್ತರಲ್ಲಿದ್ದ ತಮ್ಮ ಭಾವನ ಜೊತೆ ಅಂಬ್ಲಿಗೊಳ ಅಣೆಕಟ್ಟಿನ ನೀರು ಗದ್ದೆಗೆ ಯಾವಾಗ ಬಿಡುತ್ತಾರೆಂದು ಚರ್ಚಿಸಲು, ಪಕ್ಕದ ಒಂಬತ್ತನೆಯವರ ಜೊತೆ ಹಾಸಿಗೆಯನ್ನೇ ಬದಲಾಯಿಸಿಕೊಂಡಿದ್ದರಂತೆ, ಬಸ್ಸಿನಲ್ಲಿ ಸೀಟು ಬದಲಾಯಿಸಿದ ಹಾಗೆ! ಇನ್ಸುಲಿನ್ ಹಿಡಿದು ಹೋದ ಅತ್ತೆ ನಾಲ್ಕರಲ್ಲಿ ಮಲಗಿದ್ದವರ ಹೆಸರು ಕೇಳಿದಳು. ಅವರು ಬೇರೆಯೇ ಹೆಸರು ಹೇಳಿದರು.

"ನೀವು ಗೌಡ್ರಾ ಅಂತ ಕೇಳಿದ್ರೆ ಹೂಂ ಅಂದಿರೋರು ಕಣೋ. ಸಿಸ್ಟರಮ್ಮ ಕೇಳಿದ್ದಕ್ಕೆ ಇಲ್ಲ ಅನ್ನೋದು ಹೆಂಗೆ ಅನ್ನೋ ಮರ್ಯಾದೆ! ಆ ಮರ್ಯಾದೇಲೇ ಜೀವ ಹೋಗಿರೋದು."

ಹೆಂಡತಿಯರದು ಬೇರೆಯೇ ಕತೆ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಹಳಬರ ನಂಬಿಕೆ. ರೋಗಿಗೆ ಮಾತಾಡುವ ಶಕ್ತಿ ಇಲ್ಲದಿದ್ದರೆ ಪಕ್ಕದಲ್ಲಿ ಕೂತ ಹೆಂಡತಿಯನ್ನೇ ಕೇಳಬೇಕಲ್ಲ? ಈಸೂರಿನ ಅಜ್ಜಿಯೊಬ್ಬರು "ನಮ್ಮನಿಯವ್ರು ರೀ" ಎಂಬಲ್ಲಿಂದ ಒಂದಿಂಚೂ ಕದಲಲಿಲ್ಲ. ಬ್ರಿಟಿಷರಿಗೇ ಬಗ್ಗದ ಊರು, ನಮ್ಮತ್ತೆಗೆ ಬಗ್ಗುತ್ತದೆಯೇ?

"ಹೆಸರು ಹೇಳಿದ್ರೆ ಯಾರೂ ಸಾಯಲ್ಲ ಅಜ್ಜಿ. ತಪ್ಪು ಔಷಧಿ ಕೊಟ್ರೆ ಸಾಯ್ತಾರೆ!"

ಅಜ್ಜಿ ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಶಿವನತ್ತ ಬೆರಳು ತೋರಿಸಿ, "ಇವಂದೇ ಹೆಸ್ರು ನೋಡ್ರಿ" ಎಂದರು. ಶಿವನಿಗೆ ಒಂದೇ ಹೆಸರೇ! ಅತ್ತೆ ಒಂದೊಂದಾಗಿ ಹೇಳುತ್ತಾ ಹೋದಳು. ಹನ್ನೊಂದನೆಯದಕ್ಕೆ ಅಜ್ಜಿ ತಲೆಯಾಡಿಸಿದರು. ಮುಗಿಯಿತು ಅಂದುಕೊಂಡಿರಾ? ತಲೆಯಾಡಿಸಿದ್ದು ನಡೆಯುವುದಿಲ್ಲ ಎಂದು, ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಅಜ್ಜಿಯ ಮಗನನ್ನು ಕರೆಸಿ ಹೇಳಿಸಿದ ಮೇಲೆಯೇ ಮಾತ್ರೆ ಕೊಟ್ಟಳು.

ಇಂಥ ಅತ್ತೆ ತನ್ನ ಗಂಡನನ್ನು ಕರೆಯುವುದು ಹೇಗೆ ಗೊತ್ತೇ? "ಏನ್ರೀ!" ಅಷ್ಟೇ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಕಾರ್ಡನ್ನು ಮುಂದೆ ತಳ್ಳಿ, "ಓದ್ಕೊಳ್ಳಿ" ಎನ್ನುತ್ತಾಳೆ.

"ಎಲ್ಲಿ, ಮಾವನ ಹೆಸರು ಹೇಳು ನೋಡೋಣ" ಎಂದು ನಾನು ಕೆಣಕಿದ್ದುಂಟು.

"ನಿಂಗೆ ಗೊತ್ತಿಲ್ವೇನೋ? ಗೊತ್ತಿದ್ದೋರು ಯಾಕೆ ಕೇಳ್ಬೇಕು?"

ಹೋದ ವರ್ಷ ಮಾವನಿಗೆ ಅದೇ ಶಿಕಾರಿಪುರದ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ಮಾವನ ಮೈಗೆ ಒಂದು ಇಂಜೆಕ್ಷನ್ ಒಗ್ಗುವುದಿಲ್ಲ. ಹಿಂದೊಮ್ಮೆ ಕೊಟ್ಟಾಗ ಉಸಿರು ನಿಂತು ಬದುಕಿದ್ದೇ ಹೆಚ್ಚು. ಎದುರು ಹಾಸಿಗೆಯವರಿಗೆ ಅದೇ ಇಂಜೆಕ್ಷನ್ ನಡೆಯುತ್ತಿತ್ತು. ಸಂಜೆ ಟ್ರೇ ಹಿಡಿದು ಬಂದವಳು ಅತ್ತೆಯ ಕೈಯಲ್ಲೇ ಪಳಗಿದ ನರ್ಸ್. ಮಾವ ಇನ್ನೂ ಮಂಪರಿನಲ್ಲಿದ್ದರು. ಟ್ರೇಯಲ್ಲಿ ಎರಡು ಸಿರಿಂಜುಗಳಿದ್ದವು.

"ಪೇಷಂಟ್ ಹೆಸರು ಹೇಳಿ ಮೇಡಂ."

"ನಮ್ಮನೆಯವ್ರು ಕಣೇ, ನಿಂಗೆ ಗೊತ್ತಿಲ್ವಾ?"

"ಗೊತ್ತು ಮೇಡಂ. ಆದ್ರೂ ಹೇಳ್ಬೇಕು. ನೀವೇ ಕಲ್ಸಿದ್ದಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಹೋಗಲಿ, ನಾನೇ ಹೇಳೋಣವೆಂದು ಬಾಯಿ ತೆರೆದೆ. ಅತ್ತೆ ಕೈಯೆತ್ತಿ, "ನಾನು ಕಲ್ಸಿದ್ದು, ನಾನೇ ಹೇಳ್ಬೇಕು" ಎಂದು ತಡೆದಳು. ಇನ್ನೊಂದು ಕೈಯಲ್ಲಿ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಷ್ಟು ವರ್ಷ ಊರ ಹೆಂಗಸರನ್ನೆಲ್ಲ ಗದರಿದವಳ ಎದೆಯಲ್ಲೂ ಆ ಈಸೂರಿನ ಅಜ್ಜಿಯ ಭಯವೇ ಕೂತಿತ್ತೆಂದು ನನಗೆ ಆಗ ಗೊತ್ತಾಯಿತು. ನಗು ಅಲ್ಲಿಗೇ ನಿಂತಿತು.

"ರುದ್ರಪ್ಪ" ಎಂದಳು ಅತ್ತೆ. "ತಂದೆ ಬಸಪ್ಪ. ಊರು ಸೊರಬ."

ನರ್ಸ್ ಚೀಟಿ ನೋಡಿ, ಸರಿಯಾದ ಸಿರಿಂಜು ತೆಗೆದು ಇಂಜೆಕ್ಷನ್ ಕೊಟ್ಟು ಹೋದಳು. ಅತ್ತೆ ಕೈಮುಗಿದು, ಕಣ್ಣು ಮಿಟುಕಿಸದೆ ಮಾವನ ಉಸಿರನ್ನೇ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಮಾವ ಕಣ್ಣು ತೆರೆದರು.

"ಯಾರೇ ನನ್ನ ಹೆಸರು ಹಿಡ್ದು ಕರೆದಿದ್ದು?"

"ನಾನೇ ರೀ. ಬೇರೆ ದಾರಿ ಇರ್ಲಿಲ್ಲ."

ಮಾವ ಅವಳತ್ತ ತಲೆ ಹೊರಳಿಸಿದರು. ಆಮೇಲೆ ಮೆಲ್ಲಗೆ, "ಮೂರು ಸಲ ಅಲ್ವೇನೇ ಮಾರಾಯ್ತಿ ನಿನ್ನ ಕಾನೂನು?" ಎಂದರು.

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಎರಡನೇ ಸಲ ಹೇಳಿದಳು. ಮೂರನೇ ಸಲ ಹೇಳುವಾಗ ಅಳುತ್ತಿದ್ದಳು.