ಹೀಟರ್ ಮನೆಗಳ ಗಾಳಿ ನೋಡಲು ಹೋದಾಗ

ಗಾಳಿ ಅಳೆಯುವ ಮೀಟರ್ ಹಿಡಿದು ಮನೆಮನೆ ತಿರುಗುವವರಿಗೆ ನಗುವಿಗೇನೂ ಕೊರತೆಯಿಲ್ಲ. ಒಂದು ಮನೆಯಲ್ಲಿ ನಕ್ಕು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಮನೆ ಬಂದಿರುತ್ತದೆ. ಆಸ್ಟಿನ್‌ನಲ್ಲಿ ಓದುವಾಗ ನನ್ನ ಕೆಲಸ ಅದೇ. ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ, ಇಡೀ ಮನೆಗೆ ಬಿಸಿಗಾಳಿ ಊದುವ ಒಂದೇ ಹೀಟರ್ ಹಾಕಿಕೊಂಡು ಕೂತವರು ಎಂಥ ಗಾಳಿ ಉಸಿರಾಡುತ್ತಾರೆ ಎಂದು ನಮ್ಮ ಪ್ರೊಫೆಸರ್‌ಗೆ ತಿಳಿಯಬೇಕಿತ್ತು. ಕನ್ನಡದವರ ವಾಟ್ಸಾಪ್ ಗುಂಪಿಗೆ ಮೆಸೇಜ್ ಹಾಕಿದೆ. ಪರೀಕ್ಷೆ ಬಿಟ್ಟಿ ಅಂದ ಕೂಡಲೇ ಸಾಲುಗಟ್ಟಿ ಮನೆಗಳು ಸಿಕ್ಕವು.

೧. ಕಿಟಕಿ ತೆಗೀರಿ

ಮೊದಲ ಮನೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಎಂಬ ಊರಿನ ಒಬ್ಬ ಅಂಕಲ್‌ದು. ಮೈಸೂರಿನವರು, ದೀಪಾವಳಿ ಹೊತ್ತಿಗೆ ಕ್ಯಾಲಿಫೋರ್ನಿಯಾದಿಂದ ಶಿಫ್ಟ್ ಆಗಿದ್ದರು. ಮೀಟರ್ ನೋಡಿ ಹೊಸ ಹುರುಪಿನಲ್ಲಿ ಹೇಳಿದೆ: "ಅಂಕಲ್, ಮನೆಗೆ ಉಸಿರು ಕಟ್ಟಿದೆ. ದಿನಾ ಬೆಳಿಗ್ಗೆ ಒಂದು ಗಂಟೆ ಎಲ್ಲಾ ಕಿಟಕಿ ತೆಗೀರಿ."

ವಾರ ಬಿಟ್ಟು ಹೋದರೆ, ಬಾಗಿಲು ತೆಗೆದವರ ಕಣ್ಣು ಕೆಂಪು, ಮೂಗು ಅದಕ್ಕಿಂತ ಕೆಂಪು. ಹಿಂದೆ ಆಂಟಿ ಸೀನುತ್ತಿದ್ದರು, ಅವರ ಹಿಂದೆ ಮಗಳು ಸೀನುತ್ತಿದ್ದಳು. ಜನವರಿಯಲ್ಲಿ ಅಲ್ಲಿ ಸೀಡರ್ ಮರಗಳ ಪರಾಗ ಹೊಗೆಯ ಹಾಗೆ ಹಾರುತ್ತದಂತೆ. ಹಳಬರಿಗೆಲ್ಲಾ ಗೊತ್ತು. ನನಗೂ ಹೊಸ ಊರು, ಅವರಿಗೂ ಹೊಸ ಊರು.

"ಸಾರಿ ಅಂಕಲ್, ನಂಗೆ ಯಾರೂ ಹೇಳಿರ್ಲಿಲ್ಲ."

ಅಂಕಲ್ ಮೂಗೊರೆಸಿಕೊಂಡರು. "ಯಾರು ಹೇಳ್ಬೇಕಮ್ಮ? ಊರಿನ ಹೆಸರಲ್ಲೇ ಬರೆದಿದ್ದಾರಲ್ಲ!"

೨. ಫಿಲ್ಟರ್

ಮರುವರ್ಷದ ಚಳಿಗಾಲದಲ್ಲಿ ಡ್ಯಾಲಸ್ ಕಡೆ ಕಳಿಸಿದರು. ಕಾಪೆಲ್‌ನ ಒಂದು ಮನೆಯಲ್ಲಿ ಆಂಟಿಯನ್ನು ಕೇಳಿದೆ: "ಫಿಲ್ಟರ್ ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸೋದಾ? ನಮ್ಮಮ್ಮ ಮದುವೇಲಿ ಕೊಟ್ಟಿದ್ದು! ದಿನಾ ಬಿಸಿನೀರಲ್ಲಿ ತೊಳೀತೀನಿ" ಎಂದು ಒಳಗೆ ಹೋದವರು ಹಿತ್ತಾಳೆಯ ಕಾಫಿ ಫಿಲ್ಟರ್ ತಂದು ಕೈಗಿಟ್ಟರು.

"ಇದಲ್ಲ ಆಂಟಿ, ಹೀಟರ್‌ದು. ಗಾಳಿಯ ಧೂಳು ಹಿಡಿಯೋದು."

ಅವರ ಯಜಮಾನರು ಎದ್ದರು. "ಅದು ನನ್ನ ಡಿಪಾರ್ಟ್‌ಮೆಂಟ್. ಹೋದ ತಿಂಗಳು ಹೊಸದು ಹಾಕಿದ್ದೀನಿ. ಒಂದು ಚೂರು ಧೂಳಿಲ್ಲ, ನೀವೇ ನೋಡಿ."

ಏಣಿ ಹತ್ತಿ ಸೀಲಿಂಗಿನ ಜಾಲರಿ ತೆಗೆದೆ. ಫಿಲ್ಟರ್ ನಿಜವಾಗಿಯೂ ಫಳಫಳ ಹೊಳೆಯುತ್ತಿತ್ತು. ಅಂಗಡಿಯ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಗಾಳಿ ಎಳೆಯಲಾಗದೆ ಹೀಟರ್ ತಿಂಗಳಿಂದ ಏದುಸಿರು ಬಿಡುತ್ತಿತ್ತು.

"ಸರ್, ಕವರ್ ತೆಗೀಬೇಕಿತ್ತು."

"ತೆಗೆದ್ರೆ ಧೂಳು ಕೂರುತ್ತಲ್ಲ!"

ತೆಗೆಸಿದೆ. ಆಂಟಿ ಕೊಟ್ಟ ಕಾಫಿ ಕುಡಿಯುವಷ್ಟರಲ್ಲಿ ಎಲ್ಲಾ ರೂಮೂ ಬೆಚ್ಚಗಾಯಿತು. "ಹೊಸ ಕನ್ನಡಕ ತಂದಾಗಲೂ ಇವರು ಸ್ಟಿಕರ್ ತೆಗೆದಿರ್ಲಿಲ್ಲಮ್ಮ" ಎಂದರು ಆಂಟಿ. "ಎರಡು ದಿನ ಊರೆಲ್ಲಾ ಮಂಜು ಅಂತಿದ್ರು."

೩. ಮಾರ್ಕ್ಸ್

ನಾವು ಬಿಟ್ಟ ಉಸಿರು ಮನೆಯಲ್ಲೇ ಎಷ್ಟು ಉಳಿದಿದೆ ಎಂದು ತೋರಿಸುವ ಪುಟ್ಟ ಮೀಟರ್ ಒಂದೊಂದನ್ನು ಅದೇ ಬೀದಿಯ ಅಕ್ಕಪಕ್ಕದ ಎರಡು ಮನೆಗಳಲ್ಲಿ ಇಟ್ಟು ಬಂದೆ. ಸಂಜೆಯೇ ಒಂದು ಮನೆಯವರ ಫೋನ್. "ನಮ್ಮದು ಸಾವಿರದ ಎಂಟುನೂರು ಬಂತು! ಪಕ್ಕದ ಮನೆಯವರದ್ದು ಬರೀ ಆರುನೂರಂತೆ."

"ಸರ್, ಇದರಲ್ಲಿ ಕಡಿಮೆ ಬಂದಷ್ಟೂ ಒಳ್ಳೇದು."

ಫೋನ್ ಕಟ್ಟಾಯಿತು. ಒಂದು ಗಂಟೆ ಬಿಟ್ಟು ಫೋಟೋ ಬಂತು, ಐನೂರ ಎಂಬತ್ತು. ಹೇಗೆ ಇಳಿಸಿದಿರಿ ಎಂದು ಕೇಳಿದೆ.

"ಫ್ಯಾನ್ ಹಾಕಿ ಬಾಗಿಲೆಲ್ಲಾ ತೆಗೆದೆ. ಹೆಂಡ್ತಿ ಮಕ್ಕಳನ್ನ ಕಾರಲ್ಲಿ ಕೂರಿಸಿದ್ದೀನಿ. ಫೋಟೋ ಪಕ್ಕದ ಮನೆಯವರಿಗೂ ಕಳಿಸಿ ಆಮೇಲೆ ಒಳಗೆ ಕರೀತೀನಿ."

೪. ಅಜ್ಜಿ ಕಂಡ ಗಾಳಿ

ಅಲ್ಲೇ ಹತ್ತಿರದ ಲೂಯಿಸ್‌ವಿಲ್‌ನ ಒಂದು ಮನೆಗೆ ಫೋನ್ ಮಾಡಿದಾಗ ಎತ್ತಿದ್ದು ಅಜ್ಜಿ. ಧಾರವಾಡದವರು, ಮಗನ ಮನೆಗೆ ಆರು ತಿಂಗಳಿಗೆ ಬಂದಿದ್ದರು.

"ನಾಳೆ ಹತ್ತು ಗಂಟೆಗೆ ನಿಮ್ಮ ಮನೆಯ ಗಾಳಿ ನೋಡೋಕೆ ಬರ್ತೀನಿ ಅಜ್ಜಿ."

ಅಜ್ಜಿ ದನಿ ತಗ್ಗಿಸಿದರು: "ಗಾಳಿ ಅದ ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

"ಎಲ್ಲರ ಮನೇಲೂ ಇರುತ್ತೆ. ನೋಡಿ ಸರಿಮಾಡೋಣ."

ಮರುದಿನ ಬಾಗಿಲಲ್ಲೇ ತಟ್ಟೆ ಇತ್ತು. ನಿಂಬೆಹಣ್ಣು, ಕುಂಕುಮ, ಬೇವಿನ ಸೊಪ್ಪು ಸಿಗಲಿಲ್ಲವೆಂದು ಕೊತ್ತಂಬರಿ ಸೊಪ್ಪು. ಅಜ್ಜಿ ಕಾಯುತ್ತಿದ್ದದ್ದು ದೆವ್ವ ಬಿಡಿಸುವವರಿಗಾಗಿ ಎಂದು ಆಗ ಹೊಳೆಯಿತು. ನಗು ಬರಲಿಲ್ಲ. ಅಜ್ಜಿಯ ಕಣ್ಣಲ್ಲಿ ನೀರಿತ್ತು. ಸೋಫಾ ಮೇಲೆ ಐದು ವರ್ಷದ ಮೊಮ್ಮಗಳು ಕೆಮ್ಮುತ್ತಿದ್ದಳು. ಡಾಕ್ಟರ ಔಷಧಿ ಮುಗಿದರೂ ಕೆಮ್ಮು ಮುಗಿದಿರಲಿಲ್ಲ.

"ನಾ ಬಂದಾಗಿಂದ ಸುರು ಆಗೇದರಿ" ಎಂದರು ಅಜ್ಜಿ. "ಹೀಟರ್ ಹತ್ತಿದ ಕೂಡ್ಲೆ ಗ್ವಾಡಿ ಊಂ ಅಂತದ, ಕೂಸು ಕೆಮ್ಮತದ."

"ಇಟ್ಸ್ ಅ ಘೋಸ್ಟ್" ಎಂದಳು ಮೊಮ್ಮಗಳು.

ಸೊಸೆ ಹೀಟರ್ ಹಾಕಿದರು. ಗೋಡೆ ನಿಜಕ್ಕೂ ಊಂ ಎಂದಿತು! ಸದ್ದಿನ ಜಾಡು ಹಿಡಿದು ಹೋದೆ. ಪ್ಯಾಸೇಜಿನಲ್ಲಿ ಗೋಡೆಗೆ ಒತ್ತಿ ಎರಡು ದೊಡ್ಡ ಸೂಟ್‌ಕೇಸ್ ನಿಂತಿದ್ದವು. ಅವುಗಳ ಹಿಂದೆ, ಮನೆಯ ಗಾಳಿಯನ್ನು ಹೀಟರ್ ವಾಪಸ್ ಎಳೆದುಕೊಳ್ಳುವ ಜಾಲರಿ. ಸೂಟ್‌ಕೇಸ್ ಸರಿಸಿದೆ. ಕೂಗು ಟಕ್ಕನೆ ನಿಂತಿತು. ಒಳಗಿನ ಫಿಲ್ಟರ್ ಎಳೆದರೆ ಕಂಬಳಿಯಷ್ಟು ದಪ್ಪ ಧೂಳು.

"ಈ ಸೂಟ್‌ಕೇಸ್ ಯಾರದು?"

ಸೊಸೆ ಸರಸರ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದರು. ನೀರಿನ ಸದ್ದಿನಲ್ಲೂ ನಗು ಕೇಳಿಸಿತು.

"ನಂದರಿ" ಎಂದರು ಅಜ್ಜಿ. ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಹೊಸ ಫಿಲ್ಟರ್ ಹಾಕಿಸಿ ಬಂದೆ. ಹತ್ತು ದಿನ ಬಿಟ್ಟು ಹೋದರೆ, ಮಗು ಕೆಮ್ಮಿಲ್ಲದೆ ಮನೆ ತುಂಬ ಓಡುತ್ತಿತ್ತು. ಅಜ್ಜಿ ಧಾರವಾಡದ ತಂಗಿಗೆ ವಿಡಿಯೋ ಕಾಲ್ ಮಾಡಿ ನನ್ನ ಮುಖ ತೋರಿಸಿದರು.

"ನೋಡವಾ, ಗಾಳಿ ಬಿಡಿಸಿದಾಕಿ ಈಕಿನ. ಕೋಳಿ ಕೇಳಲಿಲ್ಲ, ತೆಂಗಿನಕಾಯಿ ಕೇಳಲಿಲ್ಲ. ಅಮೆರಿಕಾದಾಗ ಇದನ್ನ ಕಾಲೇಜಿನ್ಯಾಗ ಕಲಿಸ್ತಾರಂತ!"